ಮನೆಯ ಮಳೆ ಲೆಕ್ಕ ನೆರೆಯವರಿಗೂ ಸಿಗಲಿ

ಕೆರೆಯ ಆಚೆ ಹದ ಮಳೆಯಾಗಿ, ಈಚೆ ಹನಿಯೂ ಬೀಳದಿರುವುದನ್ನು ನೀವು ಕಂಡಿದ್ದೀರಿ. ಆದ್ದರಿಂದ ನಿಮ್ಮ ಹೊಲದ ಅಳತೆ ಸುತ್ತಲಿನ ರೈತರಿಗೂ ಉಪಯುಕ್ತ. ಅದನ್ನು ಸ್ವಂತ ಜಾಲತಾಣದಲ್ಲಿ ಪ್ರಕಟಿಸುವವರು ಈ ಅಂಶಗಳನ್ನು ಗಮನಿಸಬೇಕು.

1. ಮಳೆಮಾಪಕವನ್ನು ಬಯಲಿನಲ್ಲಿಡಿರಿ. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರವಿರಲಿ. ಅದರ ಬಾಯಿ ನೆಲದಿಂದ 30 ಸೆಂ.ಮೀ. ಮೇಲೆ ಸಮಮಟ್ಟವಾಗಿರಬೇಕು.

2. ಉಷ್ಣಮಾಪಕವನ್ನು ಬಿಸಿಲು ತಾಗದ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯಲ್ಲಿಡಿರಿ.

3. ಬೆಳಿಗ್ಗೆ 8-30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ದಾಖಲಿಸಿರಿ. ಹವಾಮಾನ ಇಲಾಖೆಯ ವೇಳೆಯೂ ಇದೇ ಆದ್ದರಿಂದ ಹೋಲಿಕೆ ಸುಲಭ.

4. ಆಲಿಕೆಯಲ್ಲಿ ಎಲೆ, ಜೇಡರ ಬಲೆ ಕಟ್ಟಿಕೊಂಡರೆ ಮಳೆ ಬಿದ್ದರೂ ಸೊನ್ನೆ ತೋರುತ್ತದೆ. ವಾರಕ್ಕೊಮ್ಮೆ ಶುಚಿಗೊಳಿಸಿರಿ. ಉಪಕರಣ ಕೆಟ್ಟ ದಿನ ಸೊನ್ನೆ ಬರೆಯದೆ 'ಅಳತೆ ಇಲ್ಲ' ಎಂದೇ ಬರೆಯಿರಿ.

1 ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರು ನೀರು. ನಿಮ್ಮ ಅಂಕಿಯನ್ನು ನಂಬಿ ಒಬ್ಬರು ಬಿತ್ತನೆಗೆ ಇಳಿಯಬಹುದು, ಇನ್ನೊಬ್ಬರು ನೀರು ಕಟ್ಟುವುದನ್ನು ನಿಲ್ಲಿಸಬಹುದು. ತಪ್ಪು ಅಂಕಿಯಿಂದ ಅವರ ಬೀಜ, ಬೆಳೆ ಎರಡಕ್ಕೂ ನಷ್ಟ.

ಹವಾಮಾನ ಆಧಾರಿತ ಬೆಳೆ ವಿಮೆಗೆ ಮಾತ್ರ ನಿಗದಿತ ಕೇಂದ್ರದ ಅಳತೆಯೇ ಆಧಾರವೆಂಬುದನ್ನು ಮರೆಯಬೇಡಿರಿ.