ಕುಡಿತ ಬಿಟ್ಟ ಮೂರನೇ ದಿನ

ತೆಕ್ಕಲಕೋಟೆಯ ಗೃಹಿಣಿಯೊಬ್ಬರ ಪ್ರಶ್ನೆ: ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದ ಗಂಡ ಒಮ್ಮೆಲೇ ಬಿಟ್ಟಿದ್ದಾರೆ. ಮೂರನೇ ದಿನಕ್ಕೆ ಕೈ ನಡುಗುತ್ತಿದೆ, ಗೋಡೆಯ ಮೇಲೆ ಇಲ್ಲದ ಇರುವೆ ಕಾಣುತ್ತಿವೆ. ಗಾಳಿ ಸೋಕಿದೆ ಎಂದು ಅತ್ತೆ ತಾಯಿತ ಕಟ್ಟಿಸಲು ಹೊರಟಿದ್ದಾರೆ.

ತಾಯಿತ ಆಮೇಲೆ, ಮೊದಲು ಆಸ್ಪತ್ರೆ, ಅದೂ ಈಗಲೇ. ಮದ್ಯ ಮಿದುಳಿಗೆ ಬ್ರೇಕ್ ಇದ್ದಂತೆ. ಅದರ ವಿರುದ್ಧವೇ ಓಡಿ ರೂಢಿಯಾದ ಮಿದುಳು, ಬ್ರೇಕ್ ತೆಗೆದೊಡನೆ ಹಿಡಿತ ತಪ್ಪುತ್ತದೆ. ಮೊದಲೆರಡು ದಿನ ಫಿಟ್ಸ್ ಬರಬಹುದು. ಆಮೇಲೆ ಭ್ರಮೆ, ಬೆವರು, ಜ್ವರ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಸಂಚಕಾರ.

ಇನ್ನೊಂದು ಹಾನಿ ಊಟದ ತಟ್ಟೆಯಿಂದಲೇ ಶುರು. ನಿಮ್ಮ ಸಿರುಗುಪ್ಪ ಸೀಮೆ ತುಂಗಭದ್ರಾ ಕಾಲುವೆಯ ಭತ್ತದ ನಾಡು. ಆದರೆ ಮಿಲ್ಲಿನಲ್ಲಿ ಪಾಲಿಶ್ ಆದ ಅಕ್ಕಿಯ ಬಿ1 ಜೀವಸತ್ವ ಬಹುಪಾಲು ತೌಡಿನೊಂದಿಗೇ ಹೋಗುತ್ತದೆ. ಕುಡಿಯುವವರು ಉಣ್ಣುವುದೇ ಕಡಿಮೆ. ಉಂಡದ್ದರಲ್ಲಿನ ಬಿ1 ಹೀರಿಕೊಳ್ಳಲೂ ಮದ್ಯ ಕರುಳಿಗೆ ಬಿಡದು. ಕೊರತೆ ಬಲಿತರೆ ಕಣ್ಣುಗುಡ್ಡೆ ಅದುರುತ್ತದೆ, ಕುಡಿಯದ ದಿನವೂ ನಡಿಗೆ ತೂರಾಡುತ್ತದೆ, ಬುದ್ಧಿ ಮಂಕಾಗುತ್ತದೆ. ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ 1881ರಲ್ಲಿ ವಿವರಿಸಿದ ಕಾಯಿಲೆಯಿದು. ತಡವಾದರೆ ಹೊಸ ನೆನಪೇ ನಿಲ್ಲುವುದಿಲ್ಲ. ಬೆಳಿಗ್ಗೆ ಉಂಡದ್ದು ಮರೆತು ಇಲ್ಲದ ಕತೆ ಹೇಳುತ್ತಾರೆ. ಆದ್ದರಿಂದ ಮರ್ಯಾದೆಗೆ ಅಂಜಿ ಕುಡಿತ ಮುಚ್ಚಿಡಬಾರದು. ವಿಷಯ ಗೊತ್ತಿದ್ದರೆ ವೈದ್ಯರು ಗ್ಲೂಕೋಸ್ ಏರಿಸುವ ಮುನ್ನ ಬಿ1 ಇಂಜೆಕ್ಷನ್ ಕೊಡುತ್ತಾರೆ.

ಇಂಥ ನೆರವಿಗೆ ಬೆಂಗಳೂರಿಗೇ ಓಡಬೇಕಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಜಿಲ್ಲಾ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗ ನಡೆಸಿದ್ದು ನಿಮ್ಮ ಬಳ್ಳಾರಿಯಲ್ಲೇ. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅಪಾಯ ಕಳೆದ ಮೇಲೆ, ಮತ್ತೆ ಕುಡಿಯುವ ಸೆಳೆತ ಬಂದಾಗ, ಉಚಿತ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.