ಗೊರಕೆಗೆ ಶಸ್ತ್ರಚಿಕಿತ್ಸೆ: ಯಾರಿಗೆ, ಯಾವಾಗ?

ಗೊರಕೆಯೆಂದರೆ ಗಾಢನಿದ್ರೆಯೆಂದು ನಾವು ನಗುವುದುಂಟು. ಆದರೆ ಗೊರಕೆಯ ನಡುವೆ ಉಸಿರು ಹತ್ತು ಸೆಕೆಂಡಿಗೂ ಹೆಚ್ಚು ನಿಲ್ಲುತ್ತಿದ್ದರೆ, ಹಗಲು ಡೊಂಬಿವಲಿ ಲೋಕಲಿನಲ್ಲಿ ನಿಂತಲ್ಲೇ ತೂಕಡಿಕೆ ಬರುತ್ತಿದ್ದರೆ, ಅದು ರೋಗದ ಸೂಚನೆ. ನಿದ್ದೆಯಲ್ಲಿ ಗಂಟಲ ಸ್ನಾಯುಗಳು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ. ರಕ್ತದೊತ್ತಡ ಏರುತ್ತದೆ, ಯಂತ್ರದ ಮುಂದೆ ಕಣ್ಣು ಮುಚ್ಚಿದರೆ ಕೈಗೇ ಅಪಾಯ. 2022ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಯವರಿಗೂ ಈ ರೋಗವಿತ್ತು.

ಮೊದಲು ಆಗಬೇಕಾದುದು ರಾತ್ರಿಯ ನಿದ್ರಾಪರೀಕ್ಷೆ. ಗಂಟೆಗೆ 30 ಸಲ ಅಥವಾ ಹೆಚ್ಚು ಉಸಿರು ತಡೆದರೆ ರೋಗ ತೀವ್ರವೆಂದು ಲೆಕ್ಕ. ತೂಕ ಇಳಿಸುವುದು, ಮದ್ಯ ಬಿಡುವುದು, ಮಗ್ಗುಲಾಗಿ ಮಲಗುವುದು, ಮುಖವಾಡದಿಂದ ಗಾಳಿಯೊತ್ತುವ ಸೀಪ್ಯಾಪ್ ಯಂತ್ರ: ದೊಡ್ಡವರಿಗೆ ಇವೇ ಮೊದಲ ಉಪಾಯ. ಆ ಯಂತ್ರವನ್ನು 1981ರಲ್ಲಿ ಆಸ್ಟ್ರೇಲಿಯದ ಡಾ. ಸಲಿವನ್ ಪ್ರಕಟಪಡಿಸಿದರು.

ಯಂತ್ರ ಒಗ್ಗದವರಿಗೆ ಶಸ್ತ್ರಚಿಕಿತ್ಸೆಯ ವಿಚಾರ. ಅದರಲ್ಲಿ ಹಲವು ಬಗೆ:

1. ಮಕ್ಕಳಿಗೆ ಉಬ್ಬಿದ ಟಾನ್ಸಿಲ್, ಅಡಿನಾಯ್ಡ್ ತೆಗೆಯುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ.
2. ಮೂಗಿನ ಸೊಟ್ಟ ಗೋಡೆಯನ್ನು ನೆಟ್ಟಗೆ ಮಾಡುವುದು. ಇದೊಂದರಿಂದಲೇ ರೋಗ ವಾಸಿಯಾಗುವುದು ಅಪರೂಪ. ಯಂತ್ರ ಬಳಸಲು ಸುಲಭವಾಗುತ್ತದೆ.
3. ಕಿರುನಾಲಿಗೆ, ಮೆತ್ತನೆಯ ಅಂಗುಳನ್ನು ಕತ್ತರಿಸಿ ದಾರಿ ಅಗಲಿಸುವುದು. ಎಲ್ಲರಿಗೂ ಫಲಿಸದು, ತೂಕ ಏರಿದರೆ ರೋಗ ಮರುಕಳಿಸಬಹುದು.
4. ಎರಡೂ ದವಡೆಗಳನ್ನು ಮುಂದಕ್ಕೆ ಸರಿಸುವುದು. ಫಲ ಹೆಚ್ಚು, ಚಿಕಿತ್ಸೆಯೂ ದೊಡ್ಡದು.
5. ಕತ್ತಿನಲ್ಲಿ ರಂಧ್ರ ಮಾಡಿ ಉಸಿರಾಟದ ದಾರಿ ಕೊಡುವುದು. ಇದು ಕೊನೆಯ ಉಪಾಯ.

ಆದುದರಿಂದ ಬಂಧುಗಳೇ, ಹಣ ಕಟ್ಟುವ ಮೊದಲು ವೈದ್ಯರನ್ನು ಕೇಳೋಣ: ತಡೆ ಯಾವ ಜಾಗದಲ್ಲಿದೆ? ಚಿಕಿತ್ಸೆಯಾದ ಮೇಲೆ ಮತ್ತೆ ನಿದ್ರಾಪರೀಕ್ಷೆ ಯಾವಾಗ? ಗೊರಕೆಯ ಸದ್ದು ನಿಂತ ಮಾತ್ರಕ್ಕೆ ರೋಗ ನಿಂತಿತೆಂದು ಭಾವಿಸಬಾರದು.