ನೊಂದವರಿಗೆ ನಾನು ಕೇಳಿದ ಪ್ರಶ್ನೆ



ಕಳೆದ ವರ್ಷ ಭದ್ರಾವತಿಯಲ್ಲಿ ನಮ್ಮ ಖಾಲಾ ಸಂತೆಯಿಂದ ಬರುವಾಗ, ಬೈಕಿನಲ್ಲಿ ಬಂದ ಇಬ್ಬರು ಅವರ ಕತ್ತಿನ ಸರ ಕಿತ್ತುಕೊಂಡು ಹೋದರು. ಶಿವಮೊಗ್ಗದಿಂದ ಕಾಲೇಜು ಮುಗಿಸಿ ಬಂದ ನಾನು ಗಾಯ ನೋಡಿಯೂ ಮೊದಲು ಕೇಳಿದ್ದು, "ಸಂತೆಗೆ ಸರ ಹಾಕ್ಕೊಂಡು ಯಾಕೆ ಹೋದ್ರಿ ಖಾಲಾ?" ಎಂದು. ನೆಂಟರೂ ಅದನ್ನೇ ಕೇಳಿದರು. "ಸ್ಟೇಷನ್ನಲ್ಲೂ ಇದನ್ನೇ ಕೇಳ್ತಾರೆ, ಬಿಡು ಬೇಟಾ" ಎಂದು ಖಾಲಾ ದೂರು ಕೊಡಲೇ ಇಲ್ಲ.

ಅಪರಾಧಕ್ಕೆ ಒಳಗಾದವರನ್ನು ಕುರಿತ ಅಧ್ಯಯನವೇ ಸಂತ್ರಸ್ತಶಾಸ್ತ್ರ, ಅಂದರೆ ವಿಕ್ಟಿಮಾಲಜಿ. 1947ರಲ್ಲಿ ಈ ಹೆಸರು ಕೊಟ್ಟ ಬೆಂಜಮಿನ್ ಮೆಂಡೆಲ್ಸನ್ ಕೂಡ ಸಂತ್ರಸ್ತರನ್ನು ಅವರ 'ತಪ್ಪಿನ ಪ್ರಮಾಣ'ದ ಮೇಲೆ ವಿಂಗಡಿಸಿದ್ದರು. ನನ್ನ ಪ್ರಶ್ನೆಯೂ ಅದೇ ಜಾತಿಯದು! ಮುಂದೆ ವಿದ್ವಾಂಸರು ಆ ಕ್ರಮವನ್ನು ಟೀಕಿಸಿದರು. ಮನೆಯವರು, ಪೊಲೀಸರು, ನ್ಯಾಯಾಲಯ ನಡೆಸಿಕೊಳ್ಳುವ ರೀತಿಯಿಂದ ನೊಂದವರು ಮತ್ತೆ ನೋಯುವುದನ್ನು 'ಎರಡನೆಯ ಆಘಾತ' ಎಂದು ಗುರುತಿಸಿದರು. 1985ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆಯು ಸಂತ್ರಸ್ತರನ್ನು ಸಹಾನುಭೂತಿ ಮತ್ತು ಗೌರವದಿಂದ ಕಾಣಬೇಕೆಂದು ಘೋಷಿಸಿತು.

ನಮ್ಮ ರಾಜ್ಯದ ಒಂದು ಪ್ರಕರಣ ನೋಡಿ. 2009ರಲ್ಲಿ ಹಲ್ಲೆಗೊಳಗಾದ ವ್ಯಕ್ತಿಯೊಬ್ಬರ ಮೊಕದ್ದಮೆಯಲ್ಲಿ ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯ 2013ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಅವರ ಮೇಲ್ಮನವಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಆದರೆ 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್, ಆರೋಪಿ ಖುಲಾಸೆಯಾದರೆ ಸಂತ್ರಸ್ತರು ವಿಶೇಷ ಅನುಮತಿ ಇಲ್ಲದೆಯೇ ಮೇಲ್ಮನವಿ ಸಲ್ಲಿಸಬಹುದೆಂದು ಬಹುಮತದ ತೀರ್ಪು ನೀಡಿತು. ನೊಂದವರು ಬರಿಯ ಸಾಕ್ಷಿಯಲ್ಲ, ಅವರಿಗೂ ಹಕ್ಕುಂಟು.

ಇವು ನಮಗೆ ಗೊತ್ತಿರಲಿ:

1. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಸರಗಳ್ಳತನದಂಥ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ.
2. ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು 90 ದಿನದೊಳಗೆ ತಿಳಿಸಬೇಕು.
3. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ಭದ್ರಾವತಿಯ ತಾಲ್ಲೂಕು ಸಮಿತಿಯಲ್ಲಿ ಕೇಳಬಹುದು. ಸಹಾಯವಾಣಿ 15100.
4. ಹಾನಿ ಅಥವಾ ಗಾಯವಾಗಿ ಪುನರ್ವಸತಿ ಬೇಕಾದವರಿಗೆ ಪರಿಹಾರ ಕೊಡಲು ರಾಜ್ಯದಲ್ಲಿ ಯೋಜನೆ ಇದೆ. ಎಷ್ಟು ಕೊಡಬೇಕೆಂದು ಪ್ರಾಧಿಕಾರ ತೀರ್ಮಾನಿಸುತ್ತದೆ.

ದೂರೇ ಇಲ್ಲದ ಕಾರಣ ಖಾಲಾಗೆ ಇವುಗಳಲ್ಲಿ ಒಂದೂ ದಕ್ಕಲಿಲ್ಲ. ಅವರು ಸುಮ್ಮನಾದದ್ದರಲ್ಲಿ ನನ್ನ ಪ್ರಶ್ನೆಯ ಪಾಲೂ ಇದೆ. ಮೊನ್ನೆ ಅವರ ಬಳಿ ಕ್ಷಮೆ ಕೇಳಿದೆ. ನಿಮ್ಮ ಮನೆಯಲ್ಲಿ ಇಂಥದ್ದಾದರೆ ಮೊದಲು "ಪೆಟ್ಟಾಯ್ತಾ?" ಎಂದು ಕೇಳಿ. ಆಮೇಲೆ "ಬನ್ನಿ, ಠಾಣೆಗೆ ನಾನೂ ಬರ್ತೀನಿ" ಎನ್ನಿ.